ಒಣ ನಾರಿನ ಗಂಟು

ಮಲಪ್ರಭೆಯ ದಂಡೆಯ ಮೇಲೊಂದು ಸಣ್ಣ ಮಠವಿತ್ತು. ಮಠದ ಅಜ್ಜಾರಿಗೆ ಚನವೀರನೆಂಬ ಶಿಷ್ಯ. ಮೂವತ್ತರ ಆಸುಪಾಸಿನವನು, ಮಾತಿನಲ್ಲಿ ಜಾಣ, ಕೆಲಸದಲ್ಲಿ ಅವಸರದವನು.

ಆ ಮಠಕ್ಕೊಂದು ಪದ್ಧತಿ. ಮಳೆಗಾಲ ಹತ್ತಿರ ಬಂತೆಂದರೆ, ಊರಲ್ಲಿ ದುಡಿಯುವ ಕೈಯಿಲ್ಲದವರ ಗುಡಿಸಲುಗಳಿಗೆ ಮಠದವರೇ ಹೋಗಿ ಹೊಸ ಹುಲ್ಲು ಹೊದಿಸಿ ಕಟ್ಟಿಕೊಡಬೇಕು. ಕಟ್ಟುವುದು ಪುಂಡಿಯ ನಾರಿನಿಂದ. ನಾರನ್ನು ಇಡೀ ಒಂದು ದಿನ ಹೊಳೆಯಲ್ಲಿ ನೆನೆಹಾಕಿ, ಹಸಿ ಇರುವಾಗಲೇ ಗಂಟು ಹಾಕಬೇಕು. ಒಣಗುತ್ತ ಒಣಗುತ್ತ ಗಂಟು ತಾನೇ ಬಿಗಿಯುತ್ತದೆ. ಒಣ ನಾರು ಗಂಟಿನಲ್ಲಿ ಕೂರುವುದಿಲ್ಲ. ನೋಡಲಿಕ್ಕೆ ಚೆಂದ, ಎಳೆದರೆ ಜಾರುತ್ತದೆ.

ಆ ವರ್ಷ ಶಾವಂತ್ರವ್ವನ ಗುಡಿಸಲು ಚನವೀರನ ಪಾಲಿಗೆ ಬಂತು. ಶಾವಂತ್ರವ್ವನಿಗೆ ಹಿಂದುಮುಂದು ಯಾರೂ ಇರಲಿಲ್ಲ, ಒಂದು ಎಮ್ಮೆ ಇತ್ತು. ಓಣಿಗೆಲ್ಲ ಅವಳದೇ ಮಜ್ಜಿಗೆ. ಬೆಳಗಾದರೆ ತಂಬಿಗೆ ಹಿಡಿದ ಹೆಂಗಸರು ಅವಳ ಬಾಗಿಲಲ್ಲಿ ನಿಂತು, ಮಜ್ಜಿಗೆಗಿಂತ ಹೆಚ್ಚು ಮಾತು ತುಂಬಿಕೊಂಡು ಹೋಗುತ್ತಿದ್ದರು.

ಛಾವಣಿ ಕಟ್ಟುವ ದಿನವೇ ಮಠದಲ್ಲಿ ಚನವೀರನ ಮೊದಲ ಪ್ರವಚನ. ಅದರ ಗುಂಗಿನಲ್ಲಿ ಅವನು ನಾರು ನೆನೆಹಾಕುವುದನ್ನೇ ಮರೆತಿದ್ದ. ನಾಳೆ ಕಟ್ಟೋಣವೆಂದರೆ ಅಜ್ಜಾರಿಗೆ ಕಾರಣ ಹೇಳಬೇಕು. ಒಣ ನಾರಿನಲ್ಲೇ ಬಡಬಡ ಗಂಟು ಹಾಕಿ ಇಳಿದ. ಕೈಕಾಲು ತೊಳೆದುಕೊಂಡು ಹೊತ್ತಿಗೆ ಸರಿಯಾಗಿ ಹೋಗಿ ಕುಳಿತ.

ಪ್ರವಚನ ಕಾಯಕದ ಮೇಲಿತ್ತು. ಜನ ತಲೆದೂಗಿದರು.

ಹತ್ತು ಹನ್ನೆರಡು ದಿನ ಕಳೆದ ಮೇಲೆ, ರೋಹಿಣಿ ಮಳೆಯ ಒಂದು ಮಧ್ಯಾಹ್ನ, ಬಿರುಗಾಳಿ ಎದ್ದಿತು. ಉಳಿದ ಗುಡಿಸಲುಗಳ ಹುಲ್ಲು ಅಲ್ಲಿಷ್ಟು ಇಲ್ಲಿಷ್ಟು ಕೆದರಿತು. ಶಾವಂತ್ರವ್ವನ ಛಾವಣಿ ಮಾತ್ರ ಇಡಿಯಾಗಿ ಎದ್ದು ಎದುರಿನ ಹುಣಸೆಮರದಲ್ಲಿ ಹೋಗಿ ಸಿಕ್ಕಿಕೊಂಡಿತು. ಅವಳು ಎಮ್ಮೆ ಹೊಡೆದುಕೊಂಡು ಹೊಳೆಗೆ ಹೋಗಿದ್ದಳು, ಅದೇ ಪುಣ್ಯ.

ಅಜ್ಜಾರು ಚನವೀರನನ್ನು ಕರೆದುಕೊಂಡು ಅಲ್ಲಿಗೆ ಬಂದರು. ಓಣಿಯವರೆಲ್ಲ ಸೇರಿದ್ದರು.

“ಅಂಥಾ ಗಾಳಿಗೆ ಯಾರೇನ ಮಾಡಾಕಾಗತೈತ್ರಿ ಅಜ್ಜಾರ,” ಎಂದ ಒಬ್ಬ. “ಪಾಪ, ಚನವೀರಪ್ಪನವರು ಬಿಸಲಾಗ ಬೆವರು ಸುರಿಸಿ ಕಟ್ಟಿದ್ದರು.”

ಚನವೀರ ಒಳಗೊಳಗೇ ಗಾಳಿಗೆ ಕೈಮುಗಿದ.

ಅಜ್ಜಾರು ಬಾಗಿ ನೆಲದಿಂದ ಒಂದು ಎಳೆ ನಾರು ಎತ್ತಿಕೊಂಡರು. ಎರಡು ಬೆರಳಿನ ನಡುವೆ ಹೊಸೆದು ನೋಡಿದರು.

“ಗಾಳಿ ಯಾ ಕಡಿಂದ ಬಂತೋ, ಚನವೀರಾ?”

“ಪಡುವಲ ಕಡಿಂದರಿ, ಅಜ್ಜಾರ.”

“ಹಂಗನ?”

ಅಷ್ಟೇ ಅಂದು, ನಾರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆದುಬಿಟ್ಟರು.

ಅವತ್ತು ಚನವೀರನಿಗೆ ಊಟ ಸೇರಲಿಲ್ಲ. ಮರುದಿನವೇ ನಾರು ನೆನೆಹಾಕಿದ, ಒಂದು ದಿನವಲ್ಲ, ಎರಡು ದಿನ. ಹೊಳೆಯಂಚಿನ ಹೊಸ ಹುಲ್ಲು ಕೊಯ್ದು ತಂದ. ಬಿದಿರು ಬದಲಿಸಿದ. ಒಂದೊಂದು ಗಂಟನ್ನೂ ಹಾಕಿ, ಜಗ್ಗಿ, ಮತ್ತೆ ಹಾಕಿದ. ಆರನೆಯ ದಿನ ಕೆಳಗಿಳಿದಾಗ ಅಂಗೈ ಸೀಳಿತ್ತು, ಮನಸ್ಸು ಹಗುರಾಗಿತ್ತು. ಕೆಡಿಸಿದ್ದನ್ನು ಸರಿಮಾಡಿದೆ, ಇನ್ನೇನು ಉಳಿಯಿತು ಅಂದುಕೊಂಡ.

ಆದರೆ ಶಾವಂತ್ರವ್ವ ಒಳಗೆ ಬರಲಿಲ್ಲ.

ಹುಣಸೆಮರದ ಕೆಳಗೆ ಮೂರು ಕಲ್ಲಿಟ್ಟು ಒಲೆ ಹೂಡಿದ್ದಳು. ಪಕ್ಕದಲ್ಲಿ ಎಮ್ಮೆ, ಅದರ ಪಕ್ಕ ಮೊಸರಿನ ಗಡಿಗೆ.

“ಯವ್ವಾ, ಒಳಗ ನಡೀರಿ,” ಎಂದ ಚನವೀರ. “ಮಿರ್ಗದ ಮಳಿ ಇವತ್ತೋ ನಾಳೆಯೋ ಅನ್ನಾಕ ಹತ್ತೈತಿ.”

“ಹೆಂಗ ಬರಲೆಪಾ. ಎಮ್ಮಿ ಸುಸೂತ್ರ ಈದರ ಉಡಿ ತುಂಬತೀನಿ ಅಂತ ದುರಗವ್ವಗ ಬೇಡಿಕೊಂಡಿದ್ದೆ. ಎಮ್ಮಿ ಈತು. ನಾ ಹಾಲು ಕುಡಕೊಂತ ಕುಂತೆ, ಉಡಿ ಮರತೆ. ನೋಡು, ಊರಾಗ ಯಾರ ಮನೀನೂ ಹಾರಲಿಲ್ಲ. ನಂದೊಂದ ಹಾರಿತು.”

“ಈಗ ತುಂಬಿದರಾತಲ್ಲರಿ.”

“ಮರುದಿನಾನ ತುಂಬೀನಿ. ಆದರ ಹೊರಗ ಹಾಕಿದಾಕಿ ಒಳಗ ಬಾ ಅಂತ ಇನ್ನೂ ಕರದಿಲ್ಲ. ಆಕಿ ಕರೀದ ನಾ ಹೆಂಗ ಕಾಲಿಡಲಿ?”

ಗಡಿಗೆಯ ಮೊಸರು ಹುಳಿಯಾಗಿ ವಾಸನೆ ಬರುತ್ತಿತ್ತು. ಚನವೀರ ಅದರ ಕಡೆ ನೋಡಿದ.

“ಕಡದಿಲ್ಲೇನರಿ?”

“ಕಡಗೋಲು ಒಳಗ ಉಳದೈತಿ. ಉಳೀಲಿ ಬಿಡು. ದೇವಿ ಸಿಟ್ಟಾದ ಮನೀ ಮಜ್ಜಿಗಿ ಯಾರಿಗೆ ಬೇಕು? ವಾರ ಆತು, ಒಂದ ತಂಬಿಗಿ ಈ ಕಡಿ ಬಂದಿಲ್ಲ.”

ಅವಳು ಅಳಲಿಲ್ಲ. ಅತ್ತಿದ್ದರೆ ಚನವೀರನಿಗೆ ಸುಲಭವಿತ್ತು, ಸಮಾಧಾನದ ಮಾತು ಅವನಿಗೆ ಬೇಕಾದಷ್ಟು ಬರುತ್ತಿತ್ತು. ನಾಚಿಕೆಯಿಂದ ಅವನ ಕಿವಿ ಸುಟ್ಟಂತಾಯಿತು. ನೆಟ್ಟಗೆ ಮಠದ ಹಾದಿ ಹಿಡಿದ.

ಅಜ್ಜಾರು ಹೊಳೆಯ ಮೆಟ್ಟಿಲ ಮೇಲೆ ಕುಳಿತಿದ್ದರು.

“ಅಜ್ಜಾರ, ಛಾವಣಿ ಗಟ್ಟಿ ಕಟ್ಟೀನಿ. ಆದರ ಆಕಿ ಒಳಗ ಬರವಲ್ಲಳು. ದುರಗವ್ವ ಕರದಿಲ್ಲ ಅಂತಾಳ. ನೀವ ಬಂದು ಒಂದ ಮಾತ ಹೇಳರಿ, ದುರಗವ್ವನ ಸಿಟ್ಟು ಇಳದೈತಿ ಅಂತ. ನೀವಂದರ ಆಕಿ ನಂಬತಾಳ.”

“ದುರಗವ್ವ ನನಗೇನೂ ಹೇಳಿಲ್ಲಲ್ಲೋ.”

“ಆಕಿಗೆ ಸಮಾಧಾನ ಆದರ ಸಾಕಲ್ಲರಿ.”

ಅಜ್ಜಾರು ಸೊಂಟದಿಂದ ಆ ನಾರಿನ ಎಳೆಯನ್ನು ತೆಗೆದು ಅವನ ಅಂಗೈ ಮೇಲಿಟ್ಟರು.

“ಗಾಳಿ ಯಾ ಕಡಿಂದ ಬಂತು?”

ಚನವೀರ ಅಂಗೈ ನೋಡಿಕೊಂಡ. ನಾರು ಇನ್ನೂ ಗಂಟಿನ ಆಕಾರದಲ್ಲೇ ಬಾಗಿತ್ತು. ಅದು ಎಲ್ಲೂ ಹರಿದಿರಲಿಲ್ಲ. ಜಾರಿತ್ತು, ಅಷ್ಟೆ. ಅಜ್ಜಾರಿಗೆ ಮೊದಲ ದಿನವೇ ಗೊತ್ತಿತ್ತೆಂದು ಅವನಿಗೆ ಈಗ ತಿಳಿಯಿತು.

ಅಜ್ಜಾರು ಅವಸರ ಮಾಡಲಿಲ್ಲ.

“ನನ್ನ ಕಡಿಂದರಿ,” ಎಂದ ಕೊನೆಗೆ.

ಆಮೇಲೆ ತಡೆಯಲಿಲ್ಲ. ಮರೆತದ್ದು, ಹೇಳಲು ಅಂಜಿದ್ದು, ಜನ ಗಾಳಿಯನ್ನು ಬೈದಾಗ ಖುಷಿಪಟ್ಟದ್ದು, ಎಲ್ಲ ಹೇಳಿದ. ಹೇಳುತ್ತ ಹೇಳುತ್ತ ಅತ್ತ. ಕಾಲು ಹಿಡಿಯಲು ಬಗ್ಗಿದ.

ಅಜ್ಜಾರು ಕಾಲು ಹಿಂದಕ್ಕೆ ಎಳೆದುಕೊಂಡರು.

“ಇದನ್ನ ನನಗ್ಯಾಕ ಹೇಳತಿ? ನನ್ನ ಮನಿ ಹಾರಿಲ್ಲ.”

“ಮಂದಿ ಏನಂದಾರರಿ, ಅಜ್ಜಾರ? ಮಠದ ಹೆಸರು…”

“ಮಠದ ಕಾಳಜಿ ನನಗಿರಲಿ. ನೀ ನಡಿ.”

ಚನವೀರ ನಡೆದ. ಆ ಹಾದಿ ಅವನಿಗೆ ಯಾವತ್ತೂ ಅಷ್ಟು ಉದ್ದ ಅನ್ನಿಸಿರಲಿಲ್ಲ. ನೀರು ತರುವ ಹೊತ್ತು, ಓಣಿ ತುಂಬ ಹೆಂಗಸರು. ಇನ್ನೊಂದು ಹೊತ್ತಿಗೆ ಬರೋಣವೇ ಅಂತ ಒಂದು ಗಳಿಗೆ ಅನ್ನಿಸಿತು. ಹೇಳಲು ಅಂಜಿ ನುಣುಚಿಕೊಳ್ಳುವುದು ಹೀಗೇ ಶುರುವಾಗಿತ್ತು ಅಂತಲೂ ಅನ್ನಿಸಿತು. ಹುಣಸೆಮರದ ಮುಂದೆ ಹೋಗಿ ನಿಂತ.

“ಯವ್ವಾ, ನಿಮ್ಮ ಮನಿ ದುರಗವ್ವ ಹಾರಿಸಿಲ್ಲ. ನಾ ಹಾರಿಸೀನಿ. ನಾರು ನೆನಸಿರಲಿಲ್ಲ. ಒಣಾದರಾಗ ಗಂಟು ಹಾಕಿದ್ದೆ.”

ಕೊಡ ಹೊತ್ತವರು ಅಲ್ಲಲ್ಲೇ ನಿಂತರು.

“ಒಣ ನಾರು?” ಎಂದಳು ಶಾವಂತ್ರವ್ವ.

“ಹೌದ್ರಿ.”

“ಗೊತ್ತಿದ್ದೂ?”

“ಗೊತ್ತಿದ್ದೂ.”

“ಇಷ್ಟು ದಿನಾ ನಾ ಇಲ್ಲಿ ಕುಂತದ್ದ ಕಣ್ಣಿಲೆ ಕಂಡು, ಸುಮ್ಮನಿದ್ದಿ.”

“ಹೂನ್ರಿ.”

ಶಾವಂತ್ರವ್ವ ಮೊಣಕಾಲಿಗೆ ಕೈಯೂರಿ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

ಚನವೀರ ಮಠಕ್ಕೆ ಹಿಂತಿರುಗಿದಾಗ ಹೊತ್ತು ನೆತ್ತಿಗೇರಿತ್ತು. ಅಜ್ಜಾರು ಅದೇ ಮೆಟ್ಟಿಲ ಮೇಲಿದ್ದರು. ಹುಲ್ಲು ಕೆದರಿದ ಗುಡಿಸಲುಗಳಿಗೆಂದು ಒಂದು ಕಟ್ಟು ನಾರನ್ನು ನಿನ್ನೆಯೇ ನೀರಿನಲ್ಲಿ ಮುಳುಗಿಸಿ, ಮೇಲೆ ಕಲ್ಲು ಹೇರಿದ್ದರು.

“ಏನಂದಳು?”

“ಬೈದರ್ರಿ, ಅಜ್ಜಾರ. ಹುಟ್ಟಿದಾಗಿಂದ ಅಷ್ಟು ಬೈಸಿಕೊಂಡಿಲ್ಲ. ಓಣಿಗೆ ಓಣೀನ ನಿಂತು ಕೇಳಿತು. ಇನ್ನ ನನ್ನ ಪ್ರವಚನಕ್ಕ ಒಬ್ಬರೂ ಬರೂದಿಲ್ಲ.”

“ಹೊಡದಳೇನು?”

“ಹೊಡೀಬೇಕಂತ ಕಡಗೋಲು ತರಾಕ ಒಳಗ ಹೋದರ್ರಿ.”

“ಎಲ್ಲಿ ಹೋದಳು?”

“ಒಳಗ…”

ಬೈಗುಳದ ಭರದಲ್ಲಿ ಚನವೀರ ಅದನ್ನು ಗಮನಿಸಿಯೇ ಇರಲಿಲ್ಲ. ಅವಳೂ ಗಮನಿಸಿರಲಿಕ್ಕಿಲ್ಲ.

“ಒಳಗಿಂದ ಹೊಸ್ತಿಲ ತನಕ ಬಂದು, ಅಲ್ಲೇ ನಿಂತು ಬೈದರ್ರಿ. ದಣದ ಮ್ಯಾಲೂ ಹೊರಗ ಬರಲಿಲ್ಲ. ಬಾಜೂ ಮನಿ ಪಾರವ್ವ ಬಂದು ಮೊಸರಿನ ಗಡಿಗಿ ಎತ್ತಿ ಒಳಗಿಟ್ಟಳು. ‘ಹುಳಿ ಆಗೇತಿ’ ಅಂದರು ಶಾವಂತ್ರವ್ವ. ‘ಇರಲಿ ಬಿಡ ಯಕ್ಕಾ, ಕಡಿ’ ಅಂದಳು ಆಕಿ. ಕಡಗೋಲು ಕೈಯಾಗ ಇತ್ತಲ್ಲರಿ, ಕುಂತು ಕಡಿಯಾಕ ಹತ್ತಿದರು. ನಾ ಬರೂ ಹೊತ್ತಿಗೆ ಬಾಗಲಾಗ ನಾಕೈದು ತಂಬಿಗಿ ಇದ್ದೂ.”

ಅಜ್ಜಾರು ಕಲ್ಲು ಸರಿಸಿ ನಾರನ್ನು ಎತ್ತಿದರು. ನೀರು ಸೋರುತ್ತಿದ್ದ ಕಟ್ಟನ್ನು ಚನವೀರನ ಸೀಳಿದ ಅಂಗೈಗಿಟ್ಟರು.

“ಹಂಗಾದರ ಆಕಿ ಛಾವಣಿ ಇವತ್ತ ಕಟ್ಟಿದಿ.”