ಎತ್ತಿದ ಕಾಲಿನ ಆನೆ ಮತ್ತು ಸಾಕಮ್ಮನ ಬ್ಲಾಗು

ಮೊದಲೇ ಹೇಳಿಬಿಡುತ್ತೇನೆ, ನನಗೆ ಕತೆ ಹೇಳಿ ಅಭ್ಯಾಸವಿಲ್ಲ. ಇದೇ ಮೊದಲು. ಎಲ್ಲಾದರೂ ತಪ್ಪಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಅರ್ಥವಾಗದಿದ್ದರೆ ವಿವರಿಸುತ್ತೇನೆ. ಅರ್ಥವಾದರೂ ವಿವರಿಸುತ್ತೇನೆ, ಧೈರ್ಯಕ್ಕೆ.

ಒಂದಾನೊಂದು ಊರಿನಲ್ಲಿ ಸಾಕಮ್ಮ ಅಂತ ಒಬ್ಬಳು ಕತೆಗಾರ್ತಿ ಇದ್ದಳು. ಅವಳಿಗೊಬ್ಬ ಗಂಡ, ಕೆಂಪಯ್ಯ. ಮನೆ ಮುಂದೆ ಒಂದು ಬ್ಲಾಗು. ಬ್ಲಾಗು ಇರುವುದು ಕಂಪ್ಯೂಟರಿನಲ್ಲಲ್ಲವೇ ಅನ್ನುತ್ತೀರಿ. ನಮ್ಮಲ್ಲಿ ಹಾಗೆ. ಆ ಊರಿನಲ್ಲಿ ಅದಕ್ಕೆ ನಾಲ್ಕು ಕಾಲು, ಒಂದು ಬಾಲ. ಎಮ್ಮೆಯ ಹಾಗೆ ಗೂಟಕ್ಕೆ ಕಟ್ಟಬೇಕು. ಮಾತೂ ಆಡುತ್ತಿತ್ತು, ಆದರೆ ಒಂದೇ ಮಾತು. ಬೆಳಗಾದರೆ ಸಾಕು, ಬಾಗಿಲೊಳಗೆ ಮೂತಿ ತೂರಿಸಿ "ಇವತ್ತೇನು?" ಅನ್ನುತ್ತಿತ್ತು.

ಅದನ್ನು ಸಂತೆಯಿಂದ ಹಿಡಿದು ತಂದವನು ಕೆಂಪಯ್ಯ. ಬ್ಲಾಗಿಲ್ಲದ ಕತೆಗಾರ್ತಿ ಹೊಸ್ತಿಲಿಲ್ಲದ ಮನೆಯ ಹಾಗೆ ಅಂತ ಯಾರೋ ಅವನ ತಲೆಗೆ ತುಂಬಿದ್ದರು. ಬ್ಲಾಗು ಹುಲ್ಲು ತಿನ್ನುವುದಿಲ್ಲ, ವಾಕ್ಯ ತಿನ್ನುತ್ತದೆ. ಸಾಕಮ್ಮ ತಾನು ಬರೆಯುತ್ತಿದ್ದ ಕತೆಯಿಂದ ಒಂದು ಪುಟ ಹಾಕಿದಳು. ಅದು ಒಂದು ಸಲ ಅಗಿದು ಉಗುಳಿತು. ಮತ್ತೆ "ಇವತ್ತೇನು?" ಅಂದಿತು. ಅವಳಿಗೆ ರೇಗಿತು.

"ಇವತ್ತು ಉಪ್ಪಿಟ್ಟು," ಅಂದಳು.

ಬ್ಲಾಗು ಅದನ್ನು ಗಬಗಬ ತಿಂದು ಬಾಲ ಅಲ್ಲಾಡಿಸಿತು. ಅಲ್ಲಿಗೆ ಕೆಟ್ಟಿತು. ಮರುದಿನದಿಂದ ಕೆಂಪಯ್ಯ ಅವಳ ಬೆನ್ನ ಹಿಂದೆಯೇ ಸುತ್ತತೊಡಗಿದ. ಎಡಗಾಲಿನ ಚಪ್ಪಲಿಯ ಬಗ್ಗೆ ಒಂದು ಮಾತು ಹೇಳು ಅಂದ. ಈಗ ಆಕಳಿಸಿದೆಯಲ್ಲ, ಅದನ್ನು ಹೇಳು ಅಂದ. ಏನೂ ತೋಚದಿದ್ದರೆ ಏನೂ ತೋಚುತ್ತಿಲ್ಲ ಅಂತಲೇ ಹೇಳು, ಅದಕ್ಕೆ ಅದೂ ರುಚಿ ಅಂದ.

ಇತ್ತ ಅವಳ ಕತೆಯಲ್ಲಿ ಒಂದು ಆನೆ ಇತ್ತು. ಆನೆ ಹೊಳೆ ದಾಟಲು ಮುಂಗಾಲು ಎತ್ತಿ, ಅನ್ನುವವರೆಗೆ ಬರೆದಿದ್ದಳು. ಅಷ್ಟರಲ್ಲಿ ಬ್ಲಾಗು ಮನೆಗೆ ಬಂದಿತ್ತು. ವಾಕ್ಯ ಮುಗಿಯದೆ ಆನೆ ಕಾಲು ಊರುವ ಹಾಗಿಲ್ಲ. ಇದು ಕತೆಯ ಆನೆಗಳ ನಿಯಮ, ಕಾಡಿನ ಆನೆಗಳದ್ದು ಬೇರೆ. "ಅಕ್ಕಾ, ಕಾಲು," ಅಂತ ಅದು ಹಾಳೆಯೊಳಗಿಂದ ಕರೆಯುತ್ತಿತ್ತು. ಇರಪ್ಪ, ಇದಕ್ಕೆ ಮೇವು ಹಾಕಿ ಬಂದೆ ಅನ್ನುತ್ತಿದ್ದಳು ಸಾಕಮ್ಮ. ಅವಳು ಬರುವಷ್ಟರಲ್ಲಿ ಬ್ಲಾಗಿಗೆ ಮತ್ತೆ ಹಸಿವು.

ಈಗ ಹೆಬ್ಬೆಟ್ಟಿನ ವಿಷಯ ಹೇಳಬೇಕು. ಇದನ್ನು ಮೊದಲೇ ಹೇಳಬೇಕಿತ್ತು, ಮರೆತೆ. ಆ ಊರಿನಲ್ಲಿ ಮನೆಗೊಂದು ಬ್ಲಾಗು. ದಾರಿಯಲ್ಲಿ ಹೋಗುವವರು ಹೆಬ್ಬೆಟ್ಟನ್ನು ಕಾವಿಯಲ್ಲಿ ಅದ್ದಿ ಬ್ಲಾಗಿನ ಮೈಮೇಲೆ ಒತ್ತಿ ಹೋಗುತ್ತಿದ್ದರು. ಒತ್ತಿದವರಿಗೆ ಮುಯ್ಯಿ ತೀರಿಸಬೇಕು. ಮದುವೆಯಲ್ಲಿ ಅವರು ಕೊಟ್ಟರೆ ನಾವೂ ಕೊಡುವುದಿಲ್ಲವೇ, ಹಾಗೆ. ಅವರ ಮನೆಗೆ ಹೋಗಿ ಅವರ ಬ್ಲಾಗಿಗೆ ಒತ್ತಿ ಬರಬೇಕು. ಎದುರುಮನೆಯ ಒಗಟು ಬರೆಯುವ ನಿಂಗಣ್ಣ ಬಂದು ಒತ್ತಿದಾಗ ಸಾಕಮ್ಮ ಆಸೆಯಿಂದ ಕೇಳಿದಳು.

"ಓದಿದೆಯಾ ನಿಂಗಣ್ಣ?"

"ಓದೋಕೆ ಪುರುಸೊತ್ತೆಲ್ಲಿ ತಾಯಿ, ಇನ್ನೂ ಇಡೀ ಕೇರಿಗೆ ಒತ್ತಬೇಕು. ಬೇಗ ಬಂದು ಮುಯ್ಯಿ ತೀರಿಸು, ನನ್ನದು ಇವತ್ತು ಇನ್ನೂ ಬೆಳ್ಳಗೇ ಇದೆ."

ಆ ಊರಿನ ರಾಜನಿಗೆ ಹೆಬ್ಬೆಟ್ಟು ಎಣಿಸುವ ಹುಚ್ಚು. ಮೊದಲು ಇರುವೆ ಎಣಿಸುತ್ತಿದ್ದ. ಅವು ನಿಲ್ಲುವುದಿಲ್ಲ ಅಂತ ಬಿಟ್ಟ. ಅವನು ಡಂಗುರ ಸಾರಿಸಿದ: ಅಮಾವಾಸ್ಯೆಯ ದಿನ ಯಾರ ಬ್ಲಾಗಿನ ಮೇಲೆ ಎಲ್ಲರಿಗಿಂತ ಕಡಿಮೆ ಹೆಬ್ಬೆಟ್ಟು ಇರುತ್ತದೋ, ಅವರ ಮನೆಯ ಶಾಯಿಯನ್ನೆಲ್ಲ ಒಯ್ದು ನನ್ನ ಮೀಸೆಗೆ ಬಳಿಯಲಾಗುವುದು. ಅವರು ಆಮೇಲೆ ಬರೆಯತಕ್ಕದ್ದಲ್ಲ.

ಸಾಕಮ್ಮ ಕಂಗಾಲಾದಳು. ಶಾಯಿ ಹೋದರೆ ಆನೆಯ ಕಾಲು ಯಾವತ್ತೂ ಕೆಳಗಿಳಿಯುವುದಿಲ್ಲ. ಶಾಯಿ ಉಳಿಯಬೇಕಾದರೆ ಹೆಬ್ಬೆಟ್ಟು ಬೇಕು. ಹೆಬ್ಬೆಟ್ಟು ಬರಬೇಕಾದರೆ ಹೋಗಿ ಒತ್ತಬೇಕು. ಬೀದಿ ಬೀದಿ ಸುತ್ತಿ ಒತ್ತಿದಳು. ಒತ್ತಿ ಒತ್ತಿ ಅವಳ ಹೆಬ್ಬೆರಳು ಸಾಣೆಕಲ್ಲಿಗೆ ತೇಯ್ದ ಗಂಧದ ಕೊರಡಿನ ಹಾಗೆ ಸವೆದು ಮೊಂಡಾಯಿತು. ಕೊನೆಗೆ ಪೆನ್ನು ಹಿಡಿದರೆ ಜಾರಿ ಬಿತ್ತು. ಕೆಂಪಯ್ಯ ಸಮಾಧಾನ ಮಾಡಲು ಬಂದ. ಬೆರಳು ಸವೆದದ್ದನ್ನು ಬ್ಲಾಗಿಗೆ ಹೇಳು, ಚೆನ್ನಾಗಿ ತಿನ್ನುತ್ತದೆ ಅಂದ. ಅವಳು ಅವನನ್ನು ನೋಡಿದ ನೋಟಕ್ಕೆ ಕೆಂಪಯ್ಯ ಹೋಗಿ ಬ್ಲಾಗಿನ ಹಿಂದೆ ನಿಂತುಕೊಂಡ.

ಆಗ ಆನೆ ಹಾಳೆಯಿಂದ ತಲೆ ಹೊರಗೆ ಹಾಕಿತು.

"ಅಕ್ಕಾ, ಹೇಗೂ ಎತ್ತಿದ ಕಾಲು. ಮುಯ್ಯಿ ನಾನೇ ತೀರಿಸಿ ಬರ್ತೀನಿ."

ಕಾಲು ಊರುವ ಹಾಗಿಲ್ಲವಲ್ಲ ಅನ್ನಬೇಡಿ. ಊರುವುದು ಬೇರೆ, ಒತ್ತುವುದು ಬೇರೆ. ಊರುವುದು ನೆಲಕ್ಕೆ, ಒತ್ತುವುದು ಮೈಗೆ. ಆನೆ ಮೂರು ಕಾಲಿನಲ್ಲಿ ಕುಪ್ಪಳಿಸುತ್ತ ಹೊರಟಿತು. ಎತ್ತಿದ ಕಾಲನ್ನು ಕಾವಿಯ ಹಂಡೆಯಲ್ಲಿ ಅದ್ದಿ ಮನೆಮನೆಯ ಬ್ಲಾಗಿಗೂ ಒತ್ತಿತು. ಸಾಕಮ್ಮನ ಬ್ಲಾಗಿಗೂ ಒತ್ತಿತು. ಒಂದೇ ಒತ್ತಿಗೆ ಒಂದೊಂದು ಬ್ಲಾಗೂ ಕಿವಿಯಿಂದ ಬಾಲದವರೆಗೆ ಕೆಂಪು. ಹಳೆಯ ಗುರುತುಗಳೆಲ್ಲ ಅದರಡಿ ಮುಚ್ಚಿಹೋದವು. ಕೆಲಸ ಮುಗಿಸಿ ಆನೆ ಹಾಳೆಯೊಳಗೆ ಹೋಗಿ ಮೊದಲಿನ ಹಾಗೇ ನಿಂತಿತು.

ಅಮಾವಾಸ್ಯೆಗೆ ರಾಜ ಎಣಿಸಲು ಬಂದ. ಈ ಮನೆಯಲ್ಲಿ ಒಂದು. ಆ ಮನೆಯಲ್ಲಿ ಒಂದು. ಎಲ್ಲ ಮನೆಯಲ್ಲೂ ಒಂದು. ಯಾರದ್ದೂ ಕಡಿಮೆಯಿಲ್ಲ. ಯಾರ ಶಾಯಿಯನ್ನೂ ಒಯ್ಯುವ ಹಾಗಿಲ್ಲ. ರಾಜ ತಲೆ ಹಿಡಿದುಕೊಂಡು ಕೂತ.

"ಇಷ್ಟು ದೊಡ್ಡ ಹೆಬ್ಬೆಟ್ಟು ಯಾವನದಯ್ಯ?" ಅಂದ.

ಯಾರದ್ದಾದರೂ ಮುಯ್ಯಿ ತೀರಿಸಲೇಬೇಕಲ್ಲ. ಇಡೀ ಊರೇ ಹೆಜ್ಜೆಯ ಜಾಡು ಹಿಡಿದು ಹೊರಟಿತು, ಮುಂದೆ ರಾಜ. ಜಾಡು ಸಾಕಮ್ಮನ ಮನೆ ಹೊಕ್ಕು, ಮೇಜು ಹತ್ತಿ, ಹಾಳೆಯಲ್ಲಿ ಮುಗಿದಿತ್ತು. ಆನೆಯ ಮನೆ ಕತೆಯೊಳಗೆ. ಆನೆ ಸಿಗಬೇಕಾದರೆ ಕತೆ ಓದದೆ ಬೇರೆ ದಾರಿಯಿಲ್ಲ. ಬೈದುಕೊಂಡೇ ಓದಿದರು. ಓದುತ್ತ ಹೋಗಿ ಹೊಳೆಯ ದಡ ಮುಟ್ಟಿದರು. ಅಲ್ಲಿ ಆನೆ ಕಾಲೆತ್ತಿ ನಿಂತಿತ್ತು. ಒತ್ತಲು ಎತ್ತಿದ ಹೆಬ್ಬೆಟ್ಟುಗಳೆಲ್ಲ ಹಾಗೇ ಗಾಳಿಯಲ್ಲಿ ಉಳಿದವು.

ನಿಂಗಣ್ಣ ಮೆಲ್ಲಗೆ ಕೇಳಿದ, "ಮುಂದೆ?"

ಆ ಊರಿನಲ್ಲಿ ಯಾರೂ ಯಾರನ್ನೂ ಆ ಮಾತು ಕೇಳಿರಲಿಲ್ಲ. ಸಾಕಮ್ಮನ ಹೆಬ್ಬೆರಳು ಅಷ್ಟರಲ್ಲಿ ಚಿಗುರಿತ್ತು, ಒತ್ತುವುದು ನಿಂತಿತ್ತಲ್ಲ, ಅದಕ್ಕೆ. ಪೆನ್ನು ಎತ್ತಿಕೊಂಡಳು. ಬ್ಲಾಗು ಕಿಟಕಿಯಿಂದ ಮೂತಿ ತೂರಿಸಿ "ಇವತ್ತೇನು?" ಅಂದಿತು.

"ಇವತ್ತು ಏನೂ ಇಲ್ಲ. ಹೋಗಿ ಮಲಗು," ಅಂದಳು ಸಾಕಮ್ಮ. ರಾಜನೂ ಶ್, ಸುಮ್ಮನಿರು ಅಂದ.

"ಅಕ್ಕಾ, ಈಗಲಾದರೂ," ಅಂದಿತು ಆನೆ.

ಅವಳು ಬರೆದಳು. ಆನೆ ಕಾಲು ಎಲ್ಲಿ ಊರಿತು ಅಂದರೆ, ತಡೆಯಿರಿ, ಆ ಜಾಗ ನಿಮಗೆ ಗೊತ್ತಾಗಬೇಕಾದರೆ ಮೊದಲು ಹೊಳೆಯ ವಿಷಯ ಹೇಳಬೇಕು. ಆ ಹೊಳೆಗೆ ಎರಡು ದಡ. ಎಲ್ಲ ಹೊಳೆಗೂ ಎರಡೇ, ನಿಜ, ಆದರೆ ಈ ಹೊಳೆಯಲ್ಲಿ ಎರಡನೆಯ ದಡ ಯಾಕೆ ಮೊದಲನೆಯದರ... ಹಾಂ, ಬಂದೆ ಅತ್ತೆ. ನಮ್ಮತ್ತೆ ಕರೆಯುತ್ತಿದ್ದಾರೆ, ಹಾಲು ಉಕ್ಕುತ್ತಿದೆಯಂತೆ. ಒಂದು ಗಳಿಗೆ. ಯಾರೂ ಏಳಬೇಡಿ. ಆನೆಯಪ್ಪಾ, ನೀನೂ ಸ್ವಲ್ಪ ಹಾಗೇ ಇರು.