ಲೊಚಗುಟ್ಟದ ಹಲ್ಲಿ

ಪ್ರಾಣಿಗಳ ವಿಶ್ವವಿದ್ಯಾಲಯದಲ್ಲಿ ಹಲ್ಲಿಯೊಂದು ಗುಬ್ಬಿಗಳಿಗೆ ನಾಟಕ ಕಲಿಸುತ್ತಿತ್ತು. ಹನ್ನೊಂದು ವರ್ಷ ಕಲಿಸಿದರೂ ಅದು ಅತಿಥಿ ಉಪನ್ಯಾಸಕನೇ. ಪ್ರತಿ ಜೂನ್‌ನಲ್ಲೂ ಹೊಸದಾಗಿ ಅರ್ಜಿ ಹಾಕಬೇಕು. ಹನ್ನೊಂದು ವರ್ಷ ಇದ್ದವರನ್ನು ಅತಿಥಿ ಎನ್ನುವ ಮನೆ ಅದೊಂದೇ ಇರಬೇಕು! ಗುಬ್ಬಿಗಳು ನಾಟಕ ಓದುವಾಗ ನಿಜವಾದ ಮಾತು ಬಂದರೆ ಹಲ್ಲಿ ಗೋಡೆಯ ಮೇಲಿಂದ ಲೊಚಗುಟ್ಟುತ್ತಿತ್ತು. ಅದೇ ಅದರ ಪಾಠ.

ಒಂದು ದಿನ ಗುಬ್ಬಿಯೊಂದು, "ನಗುವವರನ್ನು ಕಂಡರೆ ದೊರೆಗೆ ಭಯ" ಎಂದು ಓದಿತು. ಹಲ್ಲಿ ಲೊಚಗುಟ್ಟಿತು.

ಕುಲಸಚಿವನಾದ ಬೆಕ್ಕು ಒಳಬಂದು ಹೇಳಿತು: "ಮೇಷ್ಟ್ರೇ, ನಾಟಕದಲ್ಲಿ ಏನಾದರೂ ಇರಲಿ, ನೀವು ಅದಕ್ಕೆ ಸಾಕ್ಷಿ ಹೇಳಬೇಡಿ. ಜೂನ್ ಹತ್ತಿರ ಬಂತು."

'ಬಾಲ ಕಳಚಿ ಜೀವ ಉಳಿಸಿಕೊಳ್ಳುವ ಕುಲ ನಮ್ಮದು. ಬಾಲ ಮತ್ತೆ ಬೆಳೆಯುತ್ತದೆ, ದನಿಯೂ ಬೆಳೆದೀತು' ಎಂದುಕೊಂಡಿತು ಹಲ್ಲಿ. ಮೊದಲು ದೊರೆಯ ಮಾತು ಬಂದಾಗ ಸುಮ್ಮನಿತ್ತು. ಆಮೇಲೆ ಮಂತ್ರಿಯ ಮಾತಿಗೂ ಸುಮ್ಮನಾಯಿತು. ಕೊನೆಗೆ ಯಾವ ಮಾತು ಯಾರಿಗೆ ತಾಗುತ್ತದೋ ಎಂದು ಲೊಚಗುಟ್ಟುವುದನ್ನೇ ಬಿಟ್ಟಿತು.

ಜೂನ್ ಬಂತು. ಬೆಕ್ಕು ಹೇಳಿತು: "ನಾಟಕ ವಿಭಾಗವನ್ನು ಮುಚ್ಚಲು ತೀರ್ಮಾನವಾಗಿದೆ. ಅಲ್ಲಿ ಈಗ ಸದ್ದೇ ಇಲ್ಲವಂತೆ, ಮೇಷ್ಟ್ರೇ."

ಗುಬ್ಬಿಗಳು ಬೀಳ್ಕೊಡಲು ಬಂದವು. ಹಿರಿಯ ಗುಬ್ಬಿ, "ನೀವು ನಮಗೆ ನಿಜ ಯಾವುದೆಂದು ಗುರುತಿಸುವುದನ್ನು ಕಲಿಸಿದಿರಿ" ಎಂದಿತು. ಹಳೆಯ ಅಭ್ಯಾಸದಂತೆ ಎಲ್ಲವೂ ಲೊಚಗುಟ್ಟುವ ಸದ್ದಿಗಾಗಿ ಗೋಡೆಯತ್ತ ನೋಡಿದವು.

ಹಲ್ಲಿ ಬಾಯಿ ತೆರೆಯಿತು. ಸದ್ದು ಹೊರಡಲಿಲ್ಲ.

ಹಾಗಾದರೆ ಹೇಳಿದ ಮಾತು ಸುಳ್ಳಿರಬೇಕೆಂದುಕೊಂಡು ಗುಬ್ಬಿಗಳು ತಲೆತಗ್ಗಿಸಿ ಹಾರಿಹೋದವು.