ಹಿಂದಿನ ಹೆಗಲು

"ಗುರುಗಳೇ, ಅನ್ಯಾಯ ಮಾಡುವ ಯಜಮಾನನ ಕೈಕೆಳಗೆ ಇರುವವನು ಏನು ಮಾಡಬೇಕು? ಸಹಿಸಿಕೊಳ್ಳಬೇಕೇ, ಬಿಟ್ಟುಹೋಗಬೇಕೇ?"

ಹೀಗೆ ಕೇಳಿದವನು ಗುರುಶಾಂತ. ಅವನು ಸುಂಕದ ಕಟ್ಟೆಯಲ್ಲಿ ಕೆಲಸಕ್ಕಿದ್ದ. ಅಲ್ಲಿಯ ಯಜಮಾನ ತಾನು ಮಾಡಿದ ತಪ್ಪನ್ನು ಇವನ ತಲೆಗೆ ಕಟ್ಟುತ್ತಿದ್ದ. ಇವನು ಮಾಡಿದ ಕೆಲಸವನ್ನು ತನ್ನದೆಂದು ಮೇಲಿನವರಿಗೆ ತೋರಿಸುತ್ತಿದ್ದ. ಮಠಕ್ಕೆ ಬಂದು ಕೂತಾಗಲೂ ಗುರುಶಾಂತನ ಮನಸ್ಸು ಆ ಕಟ್ಟೆಯಲ್ಲೇ ಕುದಿಯುತ್ತಿತ್ತು.

ಗುರುಗಳು ಈ ಕತೆ ಹೇಳಿದರು.

ಬೆಟ್ಟದ ಮೇಲೆ ಒಂದು ಕೋಟೆ. ಕೋಟೆಯಲ್ಲಿ ರಾಜ, ಬೆಟ್ಟದ ಬುಡದ ಊರಿನಲ್ಲಿ ಅವನ ಮಂತ್ರಿ. ಮಂತ್ರಿ ಪಲ್ಲಕ್ಕಿಯಲ್ಲಿ ಕೂತು ಕೋಟೆಗೆ ಹೋಗಿಬರುತ್ತಿದ್ದ. ಪಲ್ಲಕ್ಕಿ ಹೊರುವ ಆಳುಗಳ ಮೇಲೆ ಒಬ್ಬ ಮುಂದಾಳು ಇದ್ದ. ಅವನು ಹೊರುವವನಲ್ಲ. ಕೋಲು ಹಿಡಿದು ಮುಂದೆ ನಡೆಯುವವನು, ಯಾರು ಎಲ್ಲಿ ಹೆಗಲು ಕೊಡಬೇಕೆಂದು ಹೇಳುವವನು.

ಬೆಟ್ಟ ಹತ್ತುವಾಗ ಪಲ್ಲಕ್ಕಿಯ ಭಾರ ಹಿಂದಿನವರ ಮೇಲೆ ಬೀಳುತ್ತದೆ. ಇಳಿಯುವಾಗ ಮುಂದಿನವರ ಮೇಲೆ. ಆದ್ದರಿಂದ ದಾರಿಯಲ್ಲಿ ದಣಿವಾರಿಸುವ ಜಾಗ ಬಂದಾಗಲೆಲ್ಲ ಹಿಂದಿನವರು ಮುಂದಕ್ಕೆ, ಮುಂದಿನವರು ಹಿಂದಕ್ಕೆ ಬರುವುದು ಹಳೆಯ ಪದ್ಧತಿ. ಈ ಮುಂದಾಳು ಆ ಪದ್ಧತಿಯನ್ನು ಮುರಿದ. ತನಗೆ ಎಲೆಯಡಿಕೆ ತಂದುಕೊಡುವವರಿಗೆ, ತಾನು ಮಾತಾಡಿದರೆ ನಗುವವರಿಗೆ ಹಗುರದ ಕಡೆ ಕೊಟ್ಟ. ಉಳಿದವರಿಗೆ ಭಾರದ ಕಡೆ.

ಆಳುಗಳಲ್ಲಿ ಒಬ್ಬನಿದ್ದ. ಅವನು ನಗು ಬಂದರೆ ಮಾತ್ರ ನಗುವವನು. ಅವನಿಗೆ ಹತ್ತುವಾಗ ಹಿಂದಿನ ಜಾಗ, ಇಳಿಯುವಾಗ ಮುಂದಿನ ಜಾಗ ಖಾಯಂ ಆಯಿತು. ಹೆಗಲು ಬಾತುಕೊಂಡಿತು. ಸಂಜೆ ಹೆಂಡತಿ ಹರಳೆಲೆ ಬಿಸಿಮಾಡಿ ಕಟ್ಟುತ್ತಿದ್ದಳು. ಬೆಳಗಾದರೆ ಅದೇ ಹೆಗಲನ್ನು ಮತ್ತೆ ಪಲ್ಲಕ್ಕಿಯ ದಂಡಿಗೆಗೆ ಕೊಡಬೇಕು. ಆದರೂ ಅವನು ಕೋಪಕ್ಕೆ ಕೆಲಸ ಕೆಡಿಸಲಿಲ್ಲ. ತಾನು ಹೆಜ್ಜೆ ತಪ್ಪಿದರೆ ನೋಯುವುದು ಮುಂದಾಳಿಗಲ್ಲ, ಪಕ್ಕದವನಿಗೆ ಎಂದು ಅವನಿಗೆ ಗೊತ್ತಿತ್ತು.

ಒಂದು ದಿನ ಅವನು ಎಲ್ಲರ ಎದುರಿಗೆ ನೇರವಾಗಿ ಕೇಳಿದ.

"ಯಜಮಾನರೇ, ಹತ್ತುವಾಗ ಹಿಂದೆ ಇರುತ್ತೇನೆ, ಬೇಡ ಅನ್ನುವುದಿಲ್ಲ. ಇಳಿಯುವಾಗಲೂ ಭಾರ ನನಗೇ ಏಕೆ? ಮೊದಲಿದ್ದ ಸರದಿಯನ್ನೇ ನಡೆಸಿ."

ಮುಂದಾಳು ನಕ್ಕ. "ಏನೋ, ನಿನ್ನ ಹೆಗಲಿಗೂ ಬಾಯಿ ಬಂತೇ?"

"ಬಂದಿದೆ. ಬೇರೆಯವರ ಹೆಗಲಿಗೂ ಇದೆ. ಅವು ಹೆದರಿ ಸುಮ್ಮನಿವೆ."

ಉಳಿದ ಆಳುಗಳು ನೆಲ ನೋಡಿದರು. ಒಬ್ಬನೂ ಹೌದು ಎನ್ನಲಿಲ್ಲ. ಅಂದಿನಿಂದ ಮುಂದಿನವನು ಎಡವಿದರೂ ಬೈಗುಳ ಹಿಂದಿನ ಇವನಿಗೆ. ಹೆಂಡತಿ, "ಹೇಳಿ ಏನು ಬಂತು?" ಎಂದಳು. "ಹೇಳದೆ ಇದ್ದಾಗ ಹೆಗಲಿನ ಜೊತೆ ಎದೆಯೂ ನೋಯುತ್ತಿತ್ತು. ಈಗ ಹೆಗಲು ಮಾತ್ರ" ಎಂದ.

ಮಾಗಿಯ ಚಳಿಯಲ್ಲಿ ಒಂದು ಬೆಳಿಗ್ಗೆ ಮಂತ್ರಿಗೆ ಬೇಗ ಕೋಟೆ ಸೇರಬೇಕಾಗಿತ್ತು. ಅಂದು ಆಳುಗಳಲ್ಲಿ ಎಲ್ಲರಿಗಿಂತ ಹಿರಿಯನಿಗೆ ಜ್ವರ. ಒಂದು ದಿನ ಬಿಡಿ ಎಂದು ಅವನು ಕೈಮುಗಿದು ಬೇಡಿದ. ಮುಂದಾಳು ಅವನನ್ನು ಹಿಂದಕ್ಕೇ ಹಾಕಿದ, ಇವನ ಪಕ್ಕಕ್ಕೆ. ಅರ್ಧ ಬೆಟ್ಟ ಹತ್ತುವಷ್ಟರಲ್ಲಿ ಹಿರಿಯನ ಮೊಣಕಾಲು ನಡುಗತೊಡಗಿತು. ಇವನು ಅವನ ಭಾರವನ್ನೂ ತನ್ನ ಕಡೆಗೆ ಎಳೆದುಕೊಂಡ. ಸ್ವಲ್ಪ ದೂರ ಸಾಗಿತು. ಆಮೇಲೆ ಹಿರಿಯನ ಕಣ್ಣು ಮೇಲಾಯಿತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಮರಿ.

ಪಲ್ಲಕ್ಕಿ ಹೊರುವವರಲ್ಲಿ ಒಂದು ಕಟ್ಟಳೆ ಇತ್ತು. ಯಾರೇ ಆಗಲಿ "ಇಳಿಸಿ" ಎಂದು ಕೂಗಿದರೆ ಎಲ್ಲರೂ ಒಟ್ಟಿಗೆ ಇಳಿಸಬೇಕು. ಇಲ್ಲದಿದ್ದರೆ ಪಲ್ಲಕ್ಕಿ ಉರುಳುತ್ತದೆ. ಆದರೆ ಆ ಮುಂದಾಳಿನ ಕಾಲದಲ್ಲಿ ಯಾರೂ ಹಾಗೆ ಕೂಗಿರಲಿಲ್ಲ.

ಇವನು ಕೂಗಿದ. "ಇಳಿಸಿ!"

"ನಡೀರಿ!" ಎಂದು ಮುಂದಾಳು ಕೋಲು ಎತ್ತಿದ. ಆಳುಗಳು ಒಂದು ಕ್ಷಣ ತಡೆದರು. ಆಮೇಲೆ ಎಲ್ಲರೂ ಒಟ್ಟಿಗೆ ಇಳಿಸಿದರು.

ಮಂತ್ರಿ ಪರದೆ ಸರಿಸಿ ಏನೆಂದು ಕೇಳಿದ. "ಇವನು ಮೈಗಳ್ಳ, ಸ್ವಾಮಿ" ಎಂದ ಮುಂದಾಳು. ಇವನು ನಡೆದದ್ದನ್ನೆಲ್ಲ ಹೇಳಿದ, ಒಂದು ಮಾತು ಹೆಚ್ಚಿಲ್ಲದೆ, ಒಂದು ಮಾತು ಕಡಿಮೆಯಿಲ್ಲದೆ. ಮಂತ್ರಿ ಆಕಳಿಸಿದ. "ನಿಮ್ಮ ಜಗಳ ನೀವು ನೋಡಿಕೊಳ್ಳಿ. ನನ್ನನ್ನು ಕೋಟೆ ಮುಟ್ಟಿಸಿ" ಎಂದು ಪರದೆ ಎಳೆದುಕೊಂಡ.

ಮುಂದಾಳು ಇಬ್ಬರನ್ನೂ ಅಲ್ಲೇ ಕೆಲಸದಿಂದ ತೆಗೆದ. ಇವನು ಹಿರಿಯನನ್ನು ಬೆನ್ನ ಮೇಲೆ ಹೊತ್ತು ಬೆಟ್ಟ ಇಳಿದ. ಇಷ್ಟು ವರ್ಷ ಆ ದಾರಿಯಲ್ಲಿ ಹೊತ್ತದ್ದರಲ್ಲಿ ಅದೇ ಹಗುರವಾದ ಹೊರೆ ಎನ್ನಿಸಿತು ಅವನಿಗೆ.

ಹಿರಿಯ ಬದುಕಿದ. ಇವನು ಸುಣ್ಣದ ಗೂಡಿನಲ್ಲಿ ಕಲ್ಲು ಹೊತ್ತು ಮನೆ ನಡೆಸಿದ. ಕೆಲವು ದಿನ ಗಂಜಿ ಇತ್ತು, ಕೆಲವು ದಿನ ಗಂಜಿಯ ತಿಳಿ ಮಾತ್ರ. ಮುಂದಾಳಿನ ಹತ್ತಿರ ಹೋಗಿ ಕಾಲು ಹಿಡಿ ಎಂದವರಿಗೆ, "ಕಾಲು ನಡೆಯಲಿಕ್ಕೆ ಇರುವುದು" ಎಂದ.

ಇತ್ತ ಪಲ್ಲಕ್ಕಿಯ ಹಿಂದೆ ಜಾಗ ಖಾಲಿಯಾಯಿತು. ಮುಂದಾಳು ತನ್ನ ಮೆಚ್ಚಿನವರಲ್ಲೇ ಇಬ್ಬರನ್ನು ಅಲ್ಲಿಗೆ ಹಾಕಬೇಕಾಯಿತು. ಹಗುರದ ಕಡೆ ನಡೆದು ರೂಢಿಯಾದವರಿಗೆ ಹಿಂದಿನ ಭಾರ ತಿಳಿಯದು. ಒಬ್ಬ ಜಾರಿದ. ಪಲ್ಲಕ್ಕಿ ಬಂಡೆಗೆ ಬಡಿಯಿತು. ಮಂತ್ರಿಯ ಕೈ ಮುರಿಯಿತು. ಕೈ ಮುರಿದ ಮೇಲೆ ಮಂತ್ರಿಯ ಕಿವಿ ತೆರೆಯಿತು. ಅವನು ಆಳುಗಳನ್ನು ಕರೆದು ಕೇಳಿದ. ಒಮ್ಮೆ ಒಬ್ಬನ ಕೂಗು ಕೇಳಿದ್ದವರು ಈಗ ತಾವೂ ಬಾಯಿ ಬಿಟ್ಟರು. ಮುಂದಾಳು ಕೆಲಸ ಕಳೆದುಕೊಂಡ. ಇನ್ನು ಯಾರು ಮುಂದಾಳಾಗಬೇಕು ಎಂದದ್ದಕ್ಕೆ ಎಲ್ಲರೂ ಸುಣ್ಣದ ಗೂಡಿನ ಕಡೆ ಕೈ ತೋರಿಸಿದರು.

ಹೀಗೆ ಕೋಲು ಇವನ ಕೈಗೆ ಬಂತು.

ಕೆಲವು ತಿಂಗಳು ಕಳೆದವು. ಹಳೆಯ ಮುಂದಾಳು ಬಂದು ಇವನ ಅಂಗಳದಲ್ಲಿ ನಿಂತ. ಎಲ್ಲೂ ಕೆಲಸ ಸಿಕ್ಕಿರಲಿಲ್ಲ, ಮನೆಯಲ್ಲಿ ಹಸಿವು. "ಹೊರುವ ಕೆಲಸವಾದರೂ ಕೊಡಪ್ಪಾ" ಎಂದ. ಇವನು ಕೊಟ್ಟ.

ಮರುದಿನ ಬೆಟ್ಟದ ಬುಡದಲ್ಲಿ ಆಳುಗಳು ಸೇರಿದರು. ಹಳೆಯ ಮುಂದಾಳು ಯಾರೂ ಹೇಳದೆಯೇ ತಲೆ ತಗ್ಗಿಸಿ ಹಿಂದಿನ ದಂಡಿಗೆಯ ಹತ್ತಿರ ಹೋಗಿ ನಿಂತ. ಇವನ ಹೆಗಲು ಆ ಬೆಳಗಿನ ಚಳಿಗೆ ಹಿಡಿದುಕೊಂಡು ನೋಯುತ್ತಿತ್ತು. 'ತುದಿಯವರೆಗೂ ಅಲ್ಲೇ ಇರು' ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಅದು ಸಿಹಿಯಾಗಿತ್ತು.

ಆಗ ಆಳುಗಳಲ್ಲಿ ಒಬ್ಬ ನಗುತ್ತ ಮುಂದೆ ಬಂದ. "ಸರಿಯಾದ ಜಾಗಕ್ಕೇ ಹೋಗಿದ್ದಾನೆ, ಯಜಮಾನರೇ" ಎಂದು ಎಲೆಯಡಿಕೆ ನೀಡಿದ. ಉಳಿದವರೂ ಇವನ ಮುಖ ನೋಡಿ ನಗಲು ಸಿದ್ಧರಾಗಿ ನಿಂತಿದ್ದರು.

ಇವನಿಗೆ ಆಗ ಹೊಳೆಯಿತು. ಹಳೆಯ ಮುಂದಾಳು ಕೆಲಸ ಕಳೆದುಕೊಂಡಿದ್ದ. ಅವನ ಜಾಗ ಮಾತ್ರ ಇವನಿಗಾಗಿ ಹಾಗೇ ಬೆಚ್ಚಗೆ ಉಳಿದಿತ್ತು.

"ಎಲೆಯಡಿಕೆ ನೀನೇ ತಿನ್ನು" ಎಂದ. "ಇಂದು ಹಿಂದಿನ ಹೆಗಲು ಮೊದಲು ನನ್ನದು. ಆಮೇಲೆ ನಿನ್ನದು. ಅದಾದ ಮೇಲೆ ಅವನದು." ಕೋಲನ್ನು ಬಂಡೆಗೆ ಒರಗಿಸಿ ದಂಡಿಗೆಗೆ ಹೆಗಲು ಕೊಟ್ಟ. ಹಳೆಯ ಮುಂದಾಳನ್ನು ತೋಳು ಹಿಡಿದು ಮುಂದಕ್ಕೆ ಕಳಿಸಿದ. ಆ ಮನುಷ್ಯ ಬೆಟ್ಟ ಹತ್ತುವಷ್ಟು ದೂರವೂ ಅಳುತ್ತಲೇ ನಡೆದನಂತೆ.

ಗುರುಗಳು ಕತೆ ನಿಲ್ಲಿಸಿದರು.

ಗುರುಶಾಂತನಿಗೆ ಸಮಾಧಾನವಾಗಲಿಲ್ಲ. "ಅವನು ದೊಡ್ಡ ಮನುಷ್ಯ, ಒಪ್ಪುತ್ತೇನೆ ಗುರುಗಳೇ. ಆದರೆ ನನಗೆ ಆ ಕೋಲು ಸಿಕ್ಕಿದ್ದರೆ ಆ ಹಳೆಯ ಮುಂದಾಳನ್ನು ದಿನಾಲೂ ಹಿಂದೆಯೇ ನಿಲ್ಲಿಸುತ್ತಿದ್ದೆ" ಎಂದ.

"ಹಾಗಾದರೆ ನಿನ್ನ ಯಜಮಾನನಿಗೆ ತಕ್ಕ ಉತ್ತರಾಧಿಕಾರಿ ಸಿಕ್ಕಿದ್ದಾನೆ" ಎಂದರು ಗುರುಗಳು.